ಕವಿ ಮನೆಯ ತೊಟ್ಟಿಲು

ನಮ್ಮ ಚಾಮರಾಜಪೇಟೆಯ ಶೀನಣ್ಣನಿಗೆ ಹಠ ಹುಟ್ಟುಗುಣ. ಎದುರಿನ ಹೆಂಚಿನ ಮನೆಯಲ್ಲಿ ಕವಿಯೊಬ್ಬರು ಹುಟ್ಟಿದ್ದರು. ಅದನ್ನು ಕೆಡವಲು ಬಂದವರನ್ನು ತಡೆದು, ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿ, ತೊಂಬತ್ತೆಂಟನೇ ಇಸವಿಯಲ್ಲಿ ಅದನ್ನು ವಸ್ತುಸಂಗ್ರಹಾಲಯ ಮಾಡಿಸಿಯೇ ಬಿಟ್ಟರು. ಒಳಗೆ ಇಡುವುದಕ್ಕೆ ಮಾತ್ರ ಏನೂ ಇರಲಿಲ್ಲ. ಕವಿ ಹಾಲುಹಲ್ಲು ಬೀಳುವ ಮೊದಲೇ ಆ ಮನೆ ಬಿಟ್ಟವರು. ಆದರೂ ಬೀದಿಯ ಜನ ಭಕ್ತಿಯಿಂದ ಊರುಗೋಲು, ಕನ್ನಡಕ, ನಶ್ಯದ ಡಬ್ಬಿ ತಂದುಕೊಟ್ಟರು. "ಹಾಲು ಕುಡಿಯೋ ಮಗು ನಶ್ಯ ಏರಿಸ್ತಿತ್ತೇನ್ರೀ?" ಎಂದು ಶೀನಣ್ಣ ಎಲ್ಲವನ್ನೂ ವಾಪಸ್ಸು ಕಳಿಸಿದರು.

ನಿಜವಾದ ವಸ್ತು ಒಂದೇ, ಕವಿ ಮಲಗಿದ್ದ ತೊಟ್ಟಿಲು. ಅವರ ತಾಯಿ ಮನೆ ಬಿಡುವಾಗ ಅದನ್ನು ನೆರೆಯವರಿಗೆ ಕೊಟ್ಟಿದ್ದರು. ಅಂದಿನಿಂದ ಒಂದು ಮನೆಯ ಮಗು ಎದ್ದು ನಡೆದರೆ ಅದು ಮುಂದಿನ ಬಾಣಂತಿಯ ಮನೆಗೆ ಹೋಗುತ್ತಿತ್ತು. ಒಮ್ಮೆ ಶೀನಣ್ಣನ ಮನೆಗೂ ಬಂದಿತ್ತು. ನಾಮಕರಣವಾದ ತಿಂಗಳೊಳಗೆ ಮಗು ತೀರಿಕೊಂಡಿತು. ಮತ್ತೆ ಮಕ್ಕಳಾಗಲಿಲ್ಲ. ಅವರ ಹೆಂಡತಿ ಕಾವೇರಮ್ಮ ಆಮೇಲೆ ಯಾರ ಮನೆಯ ನಾಮಕರಣಕ್ಕೂ ಹೋಗಲಿಲ್ಲ. "ನನ್ನ ಕಣ್ಣು ಬೇಡಮ್ಮ" ಎಂದುಬಿಡುತ್ತಿದ್ದರು. ಕೈಹಿಡಿದು ಕರೆದವರೂ ಬೀದಿಯಲ್ಲಿ ಇರಲಿಲ್ಲವೆನ್ನಿ. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಉದ್ಘಾಟನೆಯ ಹಿಂದಿನ ದಿನ ಗಂಡಹೆಂಡಿರು ತೊಟ್ಟಿಲು ತರಲು ಆಟೋ ಹಿಡಿದು, ಆಗ ಅದಿದ್ದ ತ್ಯಾಗರಾಜನಗರದ ಬಾಣಂತಿ ಮೈತ್ರೇಯಿಯ ಮನೆಗೆ ಹೊರಟರು. ಕೈಜೋಡಿಸಲು ನಾನೂ ಹೋದೆ. ಮೈತ್ರೇಯಿಯ ಹೆಣ್ಣುಮಗು ಅದರಲ್ಲೇ ನಿದ್ದೆ ಹೋಗಿತ್ತು.

"ತಗೊಂಡ್ಹೋಗಿ ಮಾಮ, ಇವಳಿಗೆ ಸೀರೆ ಜೋಲಿ ಕಟ್ಕೋತೀನಿ" ಎಂದು ಮೈತ್ರೇಯಿ ಮಗುವನ್ನೆತ್ತಲು ಬಗ್ಗಿದಳು.

ಕಾವೇರಮ್ಮ ಅವಳ ಕೈ ಹಿಡಿದರು. "ಎಬ್ಬಿಸ್ಬೇಡ ಕಣೇ. ರೀ, ಇದನ್ನ ಅಲ್ಲಿ ಖಾಲಿ ತೂಗ್ಹಾಕ್ತೀರಲ್ವಾ? ಖಾಲಿ ತೊಟ್ಲು ನೋಡಿದೀನಿ ನಾನು. ಇನ್ನೊಂದ್ಸಲ ನೋಡಕ್ಕಾಗಲ್ಲ."

ಅಷ್ಟು ವರ್ಷಗಳ ಓಡಾಟಕ್ಕೆ ಸಿಗಬೇಕಿದ್ದ ಒಂದೇ ಒಂದು ವಸ್ತು ಅದು. ಶೀನಣ್ಣ ಅದನ್ನು ಅಲ್ಲೇ ಬಿಟ್ಟು ಬರಿಗೈಲಿ ವಾಪಸ್ಸು ಬಂದರು.

ಮರುದಿನ ಬಂದವರಿಗೆ ತೊಲೆಯಲ್ಲಿ ಕಂಡದ್ದು ಎರಡು ಕಬ್ಬಿಣದ ಕೊಕ್ಕೆ. ಕೆಳಗೆ ಶೀನಣ್ಣ ಬರೆದ ಹಲಗೆ: "ಕವಿಯ ತೊಟ್ಟಿಲಿನಲ್ಲಿ ಈಗ ಬೇರೊಂದು ಮಗು ಮಲಗಿದೆ. ಬೇಕಾದವರು ಇಲ್ಲಿ ಕೇಳಿ." ವಸ್ತುಸಂಗ್ರಹಾಲಯದ ಸಮಿತಿಯವರು ಮುಖ ಗಂಟಿಕ್ಕಿದರು. ಆದರೆ ಬಸುರಿಯರು ಬಂದು ಕೇಳತೊಡಗಿದರು.

ಮೈತ್ರೇಯಿಯ ಮಗಳು ನಡೆಯುವ ಹೊತ್ತಿಗೆ ವೈಯಾಲಿಕಾವಲಿನಿಂದ ಧೃತಿ ಎಂಬ ತುಂಬುಬಸುರಿ ಬಂದಳು. ಶೀನಣ್ಣನನ್ನು ಬಿಟ್ಟು ಅವಳು ಕಾವೇರಮ್ಮನನ್ನೇ ಕೇಳಿದಳು. "ಅಮ್ಮಾ, ತೊಟ್ಲು ನೀವೇ ತಂದು ಕಟ್ಬೇಕು. ಮಗೂನ ಮೊದಲು ತೊಟ್ಲಿಗೆ ಹಾಕೋದೂ ನೀವೇ."

"ನನ್ನ ವಿಷಯ ಗೊತ್ತಿಲ್ವೇನಮ್ಮ ನಿಂಗೆ?"

"ಗೊತ್ತು. ಮೈತ್ರೇಯಿ ಅಕ್ಕ ಎಲ್ಲಾ ಹೇಳಿದಾರೆ. ಅದಕ್ಕೇ ಕೇಳ್ತಿರೋದು."

ನಾಮಕರಣದ ದಿನ ಕಾವೇರಮ್ಮ ಮಗುವನ್ನು ತೊಟ್ಟಿಲಿಗೆ ಹಾಕಿದರು. ಯಾರೋ ಜೋಗುಳ ಹಾಡಿ ಎಂದರು. ಅವರು ಹಗ್ಗ ಹಿಡಿದು ತೂಗತೊಡಗಿದರು. ಊಟಕ್ಕೆ ಎಲೆ ಹಾಕಿದರೂ ಏಳದೆ, ತೂಗುತ್ತಲೇ ಕೂತಿದ್ದರು.