ಅತ್ತೆಯ ಕಣ್ಣು ಮತ್ತು ಟೊಮೆಟೊ ಕಾಯಿಯ ಪೋಡಿ

ಸೀನಬಾರದು, ಕೆಮ್ಮಬಾರದು, ಬಗ್ಗಬಾರದು, ಮಗ್ಗುಲಾಗಬಾರದು, ಗಟ್ಟಿ ಪದಾರ್ಥ ಅಗಿಯಬಾರದು, ನಗಬಾರದು, ಅಳಬಾರದು. ಮಣಿಪಾಲದ ಕಣ್ಣಿನ ಡಾಕ್ಟರು ಇಷ್ಟನ್ನೂ ನನಗೆ ಹೇಳಿದರು, ಅತ್ತೆಗಲ್ಲ. ಅತ್ತೆಗೆ ಹೇಳಿ ಪ್ರಯೋಜನವಿಲ್ಲ ಎನ್ನುವುದು ಅವರಿಗೆ ವಾರ್ಡಿನಲ್ಲೇ ಗೊತ್ತಾಗಿತ್ತು. ಆ ಕಾಲದಲ್ಲಿ ಕಣ್ಣಿನ ಪೊರೆ ತೆಗೆಯುವುದೆಂದರೆ ಈಗಿನ ಹಾಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವ ಕೆಲಸವಲ್ಲ. ಕಣ್ಣಿಗೆ ಹೊಲಿಗೆ ಹಾಕಿ, ಪಟ್ಟಿ ಕಟ್ಟಿ, ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟು ಮಲಗಿಸುತ್ತಿದ್ದರು. ಹೊಲಿಗೆ ಬಿಟ್ಟರೆ ಕಣ್ಣು ಹೋದ ಹಾಗೆಯೇ.

ಅತ್ತೆಗೆ ಉಳಿದದ್ದು ಅದೊಂದೇ ಕಣ್ಣು. ಎಡಗಣ್ಣಿನ ಆಪರೇಷನ್ ನಾನು ಮದುವೆಯಾಗಿ ಬರುವ ಮೊದಲೇ ಆಗಿತ್ತು. ಆಸ್ಪತ್ರೆಯಿಂದ ಬಂದ ಅತ್ತೆ ಸುಮ್ಮನೆ ಮಲಗುವುದು ಬಿಟ್ಟು, ಸಾರಿನ ಪುಡಿಗೆ ಮೆಣಸು ಹುರಿಯುವುದನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ, ತಾವೇ ಒಲೆಯ ಮುಂದೆ ಕುಳಿತರಂತೆ. ಘಾಟು ಏರಿತು. ಒಂದೇ ಒಂದು ಸೀನು. ಆ ಕಣ್ಣಿಗೆ ಮತ್ತೆ ಬೆಳಕು ಬರಲಿಲ್ಲ.

ಈ ಸಲ ಬಲಗಣ್ಣು. ಮಣಿಪಾಲದಿಂದ ಕಾಪುವಿನ ನಮ್ಮ ಮನೆಗೆ ಬಾಡಿಗೆ ಕಾರಿನಲ್ಲಿ ಅವರ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಬಂದೆ. ಉಡುಪಿ ದಾಟಿದ ಮೇಲೆ ಹೊಂಡ ಬಂದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಡ್ರೈವರಿಗೆ "ನಿಧಾನ, ನಿಧಾನ" ಎಂದು ಹೇಳಿ ಹೇಳಿ, ಕೊನೆಗೆ ಅವನು, "ಇನ್ನು ನಿಧಾನ ಮಾಡಿದರೆ ಇಳಿದು ನೂಕಬೇಕಾಗ್ತದೆ ಅಕ್ಕ" ಎಂದ. ನನಗೆ ನಗು ಬರಲಿಲ್ಲ.

ಮದುವೆಯಾಗಿ ವರ್ಷ ತುಂಬಿರಲಿಲ್ಲ. ನನ್ನ ತವರು ಕಾರ್ಕಳ. ಗಂಡನಿಗೆ ಹೆಬ್ರಿಯ ಕಡೆ ಮೇಷ್ಟ್ರ ಕೆಲಸ. ಶನಿವಾರ ಸಂಜೆ ಬಂದರೆ ಸೋಮವಾರ ಬೆಳಗಿನ ಬಸ್ಸಿಗೆ ಹೊರಟುಬಿಡುವವರು. ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು, "ಅಮ್ಮನನ್ನು ನೋಡಿಕೋ" ಎಂದಷ್ಟೇ ಹೇಳಿ ಹೋದರು. ನೋಡಿಕೋ! ಹೇಳುವವರಿಗೆ ಎಂತ? ಕಣ್ಣು ಉಳಿದರೆ ದೇವರ ದಯೆ, ಹೋದರೆ ಸೊಸೆಯ ಕೈಯಲ್ಲಿ ಹೋಯಿತು ಎನ್ನಲು ಪಡುಬಿದ್ರಿಯವರೆಗೂ ನಮ್ಮ ನೆಂಟರಿದ್ದರು.

ನಾನು ಹೆದರಿದ ಹೆದರಿಕೆ ಅಷ್ಟಿಷ್ಟಲ್ಲ. ಪೊರಕೆ ಮುಟ್ಟುವುದನ್ನೇ ಬಿಟ್ಟೆ, ಧೂಳೆದ್ದರೆ ಎಂದು ನೆಲವನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒಗ್ಗರಣೆ ಇಲ್ಲದ ಸಾರು ಮಾಡಿದೆ. ಪಕ್ಕದ ಮನೆಯ ಬಾಯಮ್ಮನಲ್ಲಿ ಹೋಗಿ, ಒಂದು ವಾರ ಮೆಣಸು ಹುರಿಯಬೇಡಿ ಎಂದು ಬೇಡಿಕೊಂಡೆ. ಅವರು ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ನರು, ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ಮನಸ್ಸು. "ಮೆಣಸು ಬಿಡು ಮಾರಾಯ್ತಿ, ಮೀನು ಕೂಡ ಹುರಿಯುವುದಿಲ್ಲ. ನಿನ್ನ ಅತ್ತೆಯ ಕಣ್ಣು ಹೋದರೆ ನಮ್ಮ ಹಿತ್ತಲಿಗೆ ಇಣುಕಿ ನೋಡುವವರು ಯಾರುಂಟು?" ಎಂದರು.

ಅವರ ಮೀನಿಗೂ ನನ್ನ ಈ ಕಥೆಗೂ ಸಂಬಂಧ ಉಂಟು. ನಮ್ಮದು ಮೀನು ಮುಟ್ಟದ ಮನೆ. ಆದರೆ ಬಾಯಮ್ಮ ರವೆಯಲ್ಲಿ ಹೊರಳಿಸಿದ ಮೀನನ್ನು ಕಾವಲಿಗೆ ಹಾಕಿದಾಗ ಬರುವ ಚರಚರ ಸದ್ದಿಗೆ ಅತ್ತೆ ಮರುಳಾಗಿದ್ದರು. ವಾಸನೆಗೆ ಮೂಗು ಮುಚ್ಚಿಕೊಂಡು ಕಿವಿ ಮಾತ್ರ ತೆರೆದಿಟ್ಟಿದ್ದರು ಎನ್ನಿ. ಬಚ್ಚಲ ನೀರು ಹರಿಯುವಲ್ಲಿ ತಾನಾಗಿ ಹುಟ್ಟಿದ ಟೊಮೆಟೊ ಗಿಡಗಳಿದ್ದವು. ಅದರ ಹಸಿರು ಕಾಯಿಯನ್ನು ಬಿಲ್ಲೆ ಮಾಡಿ, ಉಪ್ಪು ಸವರಿ ನೀರು ಬಿಡಿಸಿ, ಮೆಣಸಿನ ಪುಡಿ, ಇಂಗು, ಅಕ್ಕಿ ಹಿಟ್ಟು ಹಚ್ಚಿ, ಮೇಲೆ ರವೆ ಒತ್ತಿ, ತೆಂಗಿನೆಣ್ಣೆಯಲ್ಲಿ ಮೀನಿನ ಹಾಗೆಯೇ ಕೆಂಪಗೆ ಹುರಿಯುವುದು ಅತ್ತೆ ಕಂಡುಕೊಂಡ ದಾರಿ. ಪೋಡಿ ಎಂದರೆ ನಮ್ಮ ಮನೆಯಲ್ಲಿ ಅದೇ. ಒಂದು ಕಾಯಿಯೂ ಹಣ್ಣಾಗಲು ಅವರು ಬಿಟ್ಟದ್ದನ್ನು ನಾನು ಕಾಣೆ.

ಮನೆಗೆ ಬಂದು ಎರಡು ದಿನ ತೆಳ್ಳಗಿನ ಗಂಜಿ ಕುಡಿದರು. ಆಮೇಲೆ ಬಾಯಿ ಮುಚ್ಚಿದರು.

"ಗಂಜಿ ನೀನೇ ಕುಡಿ. ನನಗೆ ಪೋಡಿ ಬೇಕು."

"ಅತ್ತೆ, ಅಗಿಯಬಾರದು ಅಂತ ಹೇಳಿದ್ದಾರಲ್ಲ."

"ಅಗಿಯುತ್ತೇನೆ ಅಂತ ಹೇಳಿದೆನಾ? ಪೋಡಿ ಬೇಕು ಅಂತ ಹೇಳಿದೆ."

ಇಂಥವರಿಗೆ ಎಂತ ಹೇಳುವುದು? ಮಧ್ಯಾಹ್ನ ಕುಡಿಯಲಿಲ್ಲ, ರಾತ್ರಿ ಕುಡಿಯಲಿಲ್ಲ, ಮರುದಿನ ಬೆಳಿಗ್ಗೆ ಮಾತ್ರೆಗೂ ಬಾಯಿ ತೆರೆಯಲಿಲ್ಲ. ಖಾಲಿ ಹೊಟ್ಟೆಗೆ ವಾಂತಿಯಾದರೆ? ವಾಂತಿ ಬಂದರೆ ಹೊಲಿಗೆ ನಿಲ್ಲುತ್ತದೆಯೇ? ಕೊಟ್ಟರೂ ಕಣ್ಣು ಹೋಗಬಹುದು, ಕೊಡದಿದ್ದರೂ ಹೋಗಬಹುದು. ಕೊನೆಗೆ ಚಾಕು ತೆಗೆದುಕೊಂಡು ಗಿಡದ ಹತ್ತಿರ ಹೋದೆ.

ಅಡುಗೆಮನೆಯ ಹೊಗೆ ನೇರ ಅತ್ತೆಯ ಕೋಣೆಗೆ ನುಗ್ಗುತ್ತಿತ್ತು. ಹಾಗಾಗಿ ಬಚ್ಚಲಿನ ಒಲೆಗೆ ಕಾವಲಿ ಇಟ್ಟೆ. ಅದು ಅವರ ಕೋಣೆಯ ಗೋಡೆಗೆ ತಾಗಿಯೇ ಇತ್ತು, ಆದರೆ ಹೊಗೆ ಹಿತ್ತಲಿಗೆ ಹೋಗುತ್ತಿತ್ತು. ಮೆಣಸಿನ ಪುಡಿ ಬಿಟ್ಟೆ, ಇಂಗು ಬಿಟ್ಟೆ, ಬರೀ ಉಪ್ಪು, ಅರಸಿನ, ಹಿಟ್ಟು, ರವೆ. ಎಣ್ಣೆ ಕಾಯಿತು. ಗಡಿಬಿಡಿಯಲ್ಲಿ ಕಾಯಿಯ ನೀರನ್ನು ಸರಿಯಾಗಿ ಒತ್ತಿ ತೆಗೆದಿರಲಿಲ್ಲ. ಮೊದಲ ಬಿಲ್ಲೆ ಹಾಕಿದ್ದೇ ತಡ, ಚಟಾರ್ ಎಂದು ಎಣ್ಣೆ ಸಿಡಿದು ನನ್ನ ಕುತ್ತಿಗೆಗೆ, ಕೆನ್ನೆಯ ಕೆಳಗೆ ಬಿತ್ತು.

ಅಯ್ಯೋ, ಆ ಉರಿ! ಗಂಟಲಿನವರೆಗೆ ಬಂದ ಕೂಗನ್ನು ಸೆರಗು ಕಚ್ಚಿ ಹಿಡಿದೆ. ನಾನು ಕೂಗಿದರೆ ಅತ್ತೆ ಗಾಬರಿಯಲ್ಲಿ ತಟ್ಟನೆ ಎದ್ದು ಕೂರುತ್ತಾರೆ, ಆಗ ಎಲ್ಲ ಮುಗಿಯಿತು. ಕಣ್ಣೀರು ಸುರಿಯುತ್ತಿತ್ತು, ಬಾಯಿಯಲ್ಲಿ ಸೀರೆ, ಕೈಯಲ್ಲಿ ಸಟ್ಟುಗ. ಹಾಗೆಯೇ ನಿಂತು ಉಳಿದ ಬಿಲ್ಲೆಗಳನ್ನು ತಿರುಗಿಸಿ ಹಾಕಿ, ಎರಡೂ ಬದಿ ಕೆಂಪಾಗಿಸಿ ತೆಗೆದೆ.

ತಟ್ಟೆ ತಂದು ಮಂಚದ ಪಕ್ಕ ಕುಳಿತೆ. ಅತ್ತೆ ಹೇಳಿದರು: "ನನ್ನ ಬಾಯಿಗೆ ಬೇಡ. ಡಾಕ್ಟರು ಹೇಳಿದ್ದು ನನಗೂ ಕೇಳಿದೆ. ಅವರು ಕಟ್ಟಿದ್ದು ಕಣ್ಣಿಗೆ, ಕಿವಿಗಲ್ಲ. ನೀನು ತಿನ್ನು. ಇಲ್ಲಿ ಬಾ, ನನ್ನ ಕಿವಿಯ ಹತ್ತಿರ ಕೂತು ತಿನ್ನು. ಗರಿಗರಿ ಆಗಿದೆಯಾ ನೋಡುವ."

ನಾನು ಬೆಪ್ಪಾದೆ. ಆದರೂ ಬಗ್ಗಿ, ಒಂದು ತುಂಡು ಮೆಲ್ಲಗೆ ಕಚ್ಚಿದೆ.

"ಎಂತ ಅದು, ಬೆಕ್ಕು ಹಾಲು ಕುಡಿದ ಹಾಗೆ? ಗಟ್ಟಿ ತಿನ್ನು!"

ಕರುಂ ಎಂದು ಕಚ್ಚಿದೆ. ಹುಳಿ ನಾಲಿಗೆಗೆ ಹತ್ತಿತು, ರವೆ ಗಂಟಲಿಗೆ ಸಿಕ್ಕಿತು. ಬಿಕ್ಕಳಿಕೆ ಶುರುವಾಯಿತು. ಬಾಯಿ ತುಂಬ ಪೋಡಿ, ನಡುವೆ ಹಿಕ್, ಹಿಕ್. ಅತ್ತೆಯ ಎದೆ ಕುಲುಕತೊಡಗಿತು. ನೋಡಿದರೆ, ನಗುತ್ತಿದ್ದಾರೆ! ನಾನು ಆ ಮನೆಗೆ ಬಂದ ಮೇಲೆ ಒಮ್ಮೆಯೂ ನಗದ ಹೆಂಗಸು, ನಗಲೇಬಾರದ ದಿನ ನಗುತ್ತಿದ್ದಾರೆ. ಎಣ್ಣೆ ಕೈಯಲ್ಲೇ ಅವರ ಬಾಯಿ ಒತ್ತಿ ಹಿಡಿದೆ. "ನಗಬೇಡಿ ಅತ್ತೆ, ನಿಮ್ಮ ದಮ್ಮಯ್ಯ, ನಗಬೇಡಿ!" ಎಂದೆ, ಹಿಕ್ ಎಂದೆ. ಅವರು ಇನ್ನಷ್ಟು ಕುಲುಕಿದರು.

ನಗು ನಿಂತ ಮೇಲೆ, "ಗಂಜಿ ತಾ" ಎಂದರು. ಒಂದು ಬಟ್ಟಲು ಪೂರ್ತಿ ಕುಡಿದರು. ಆದರೆ ಸಂಜೆ ದೀಪ ಹಚ್ಚಿ ಹತ್ತಿರ ಹೋದಾಗ ಕಣ್ಣಿನ ಪಟ್ಟಿಯ ಕೆಳಗಿನ ಅಂಚಿನಲ್ಲಿ ತೇವದ ಕಲೆ ಕಂಡಿತು. ನಗುವಿನ ನೀರೋ, ಕಣ್ಣೇ ಒಡೆದು ಹರಿದದ್ದೋ ನನಗೆ ಹೇಗೆ ಗೊತ್ತಾಗಬೇಕು? ನೋಯುತ್ತದಾ ಎಂದು ಕೇಳಿದರೆ, "ಸುಮ್ಮನೆ ಮಲಗು" ಎಂದರು. ಪಟ್ಟಿ ಬಿಚ್ಚುವ ದಿನದವರೆಗೆ ನಾನು ಮಲಗಿದ್ದು ಹೆಸರಿಗೆ ಮಾತ್ರ. ಕುತ್ತಿಗೆಯ ಗುಳ್ಳೆ ಒಡೆದು ಹುಣ್ಣಾಯಿತು. ಶನಿವಾರ ಬಂದ ಗಂಡನಿಗೆ ಸೆರಗು ಮುಚ್ಚಿ, ಒಲೆಯ ಕಿಡಿ ಎಂದೆ. ನಗಿಸಿದ್ದನ್ನು ಹೇಳುವ ಧೈರ್ಯ ಬರಲಿಲ್ಲ.

ಮಣಿಪಾಲದಲ್ಲಿ ಡಾಕ್ಟರು ಪಟ್ಟಿ ಬಿಚ್ಚುವಾಗ ನಾನು ಮಂಚದ ಕಬ್ಬಿಣವನ್ನು ಗಟ್ಟಿ ಹಿಡಿದುಕೊಂಡಿದ್ದೆ. ಹತ್ತಿ ತೆಗೆದರು, ಟಾರ್ಚ್ ಬಿಟ್ಟು ನೋಡಿದರು. ದಪ್ಪ ಗಾಜಿನ ಕನ್ನಡಕವನ್ನು ಮೂಗಿಗೆ ಏರಿಸಿ, ಎರಡು ಬೆರಳು ಎತ್ತಿ, "ಎಂತ ಕಾಣ್ತದೆ ಅಮ್ಮ?" ಎಂದು ಕೇಳಿದರು.

ಅತ್ತೆ ಬೆರಳಿನ ಕಡೆ ನೋಡಲಿಲ್ಲ. ಮುಖ ಮೆಲ್ಲಗೆ ನನ್ನ ಕಡೆ ತಿರುಗಿತು. ಸರಿಯಾಗಿ ಕಾಣುತ್ತಿಲ್ಲವೇನೋ ಎಂದುಕೊಂಡೆ. ಅವರು ಕೈ ಚಾಚಿ ನನ್ನ ಸೆರಗನ್ನು ಕುತ್ತಿಗೆಯಿಂದ ಸರಿಸಿದರು.

"ಇದಾ ಅವತ್ತಿನದ್ದು?" ಎಂದರು. "ಎಣ್ಣೆ ಸಿಡಿದದ್ದು ನನಗೆ ಕೇಳಿತು. ಈಗ ಕೂಗ್ತಾಳೆ, ಈಗ ಕೂಗ್ತಾಳೆ ಅಂತ ಮಂಚ ಹಿಡಿದುಕೊಂಡು ಮಲಗಿದ್ದೆ. ನೀನು ಕೂಗಲಿಲ್ಲ."

ಡಾಕ್ಟರು ಬೆರಳು ಎತ್ತಿಕೊಂಡೇ ನಿಂತಿದ್ದರು. "ಅಳಬಾರದು, ಅಳಬಾರದು, ಕಣ್ಣು ಇನ್ನೂ ಹಸಿ ಉಂಟು" ಎಂದು ಗಾಬರಿಯಲ್ಲಿ ಅತ್ತೆಗೆ ಹೇಳಿದರು.

"ನಾನೆಲ್ಲಿ ಅಳ್ತಾ ಇದ್ದೇನೆ?" ಎಂದರು ಅತ್ತೆ. "ಅಳುವುದು ಅವಳು. ಅವಳಿಗೆ ಹೇಳಿ. ನನಗೆ ಕಾಣ್ತದೆ."