ಪೇಂಟರಣ್ಣನ ರಾಕೆಟ್ಟು
ನಮ್ಮ ಬೀದಿಯ ಪೇಂಟರಣ್ಣನಿಗೆ ಗೋಡೆಗೆ ಎರಡನೇ ಕೋಟು ಬಳಿಯಿರೆಂದು ಗೋಗರೆಯಬೇಕು. ತಾವೇ ಜೋಡಿಸುವ ಮೊಳದುದ್ದದ ರಟ್ಟಿನ ರಾಕೆಟ್ಟಿಗಾದರೆ ಯಾರೂ ಹೇಳದೆ ನಾಲ್ಕು ಕೋಟು ಬೀಳುತ್ತದೆ. ರೆಕ್ಕೆಗಳನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡುತ್ತಾರೆ, ಅಂಟು ಒಣಗುವವರೆಗೆ ಮನೆಯಲ್ಲಿ ಫ್ಯಾನು ಹಾಕಗೊಡುವುದಿಲ್ಲ. "ಇದರಲ್ಲಿ ಅರ್ಧ ಮುದ್ದು ನನಗೆ ಸಿಕ್ಕಿದ್ರೆ ಸಾಕಿತ್ತು" ಎಂದು ಅವರ ಹೆಂಡತಿ, ನಮ್ಮೆಲ್ಲರ ಅತ್ತಿಗೆ, ಗೊಣಗುತ್ತಾರೆ. ಆದರೆ ಅಣ್ಣನ ಜೀವವೆಲ್ಲ ಇರುವುದು ರಾಕೆಟ್ಟಿನೊಳಗಿನ ಪ್ಯಾರಾಚೂಟಿನಲ್ಲಿ. ತೆಳು ಪ್ಲಾಸ್ಟಿಕ್ಕು ಅಂಟಿಕೊಳ್ಳಬಾರದೆಂದು ಅದಕ್ಕೆ ಪೌಡರು ಹಚ್ಚಿ ಮಡಿಸುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಿಸುತ್ತಾರೆ. "ಹಾರಿಸೋದು ಯಾರು ಬೇಕಾದ್ರೂ ಹಾರಿಸ್ತಾರೆ. ಇಳಿಸೋದ್ರಲ್ಲಿದೆ ನೋಡು ಕೆಲಸ" ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಬಯಲಿನಲ್ಲಿ ಗುಂಡಿ ಒತ್ತಿದರೆ ರಾಕೆಟ್ಟು ಸುಯ್ಯೆಂದು ಮೇಲೇರುತ್ತದೆ. ನಾವು ಚಪ್ಪಾಳೆ ತಟ್ಟುತ್ತಿದ್ದರೆ ಅವರು ಕಣ್ಣು ಮಿಟುಕಿಸದೆ ಮೇಲೆ ನೋಡುತ್ತಿರುತ್ತಾರೆ. ಪ್ಯಾರಾಚೂಟು ಬಿಚ್ಚಿಕೊಂಡದ್ದೇ ತಡ, ಎರಡೂ ಕೈ ಚಾಚಿ ಓಡುತ್ತಾರೆ. ನೆಲ ಮುಟ್ಟುವ ಮೊದಲೇ ಹಿಡಿಯಬೇಕು. "ಬಿದ್ರೆ ಬೀಳ್ಲಿ ಬಿಡಣ್ಣ, ರಟ್ಟು ತಾನೆ?" ಎಂದು ನಾನೊಮ್ಮೆ ನಕ್ಕೆ. ಅವರು ಪ್ಯಾರಾಚೂಟು ಮಡಿಸತೊಡಗಿದರು. ಹಿಂತಿರುಗುವಾಗ ಅತ್ತಿಗೆ ಮೆಲ್ಲಗೆ ಹೇಳಿದರು: "ಇವರ ತಮ್ಮ ನಾಲ್ಕನೇ ಮಹಡಿಗೆ ಬಣ್ಣ ಬಳಿಯಲು ಕಟ್ಟಿದ್ದ ಸಾರುವೆಯಿಂದ ಬಿದ್ದಾಗ ಇವರು ಕೆಳಗೇ ಇದ್ರು. ತಲೆ ಬಗ್ಗಿಸಿಕೊಂಡು ಬಣ್ಣ ಕಲಸ್ತಾ ಇದ್ರು."