ಸಾವಕಾರರು ಕೀಳಿಸಿದ ತಂತಿ

ಆಗೆಲ್ಲ ಬೇಸಿಗೆ ರಜೆ ಎಂದರೆ ನನಗೆ ಅಪ್ಪನ ಗಾಡಿಯ ವಾಸನೆ: ಕಾದ ರೆಗ್ಜಿನ್ ಸೀಟು, ಡೀಸೆಲ್, ಮುಂದೆ ಕಟ್ಟಿದ ಮಲ್ಲಿಗೆ ಮಾಲೆ. ಗಾಡಿ ಎಂದರೆ ದೊಡವಾಡದ ಸಾವಕಾರರ ಬಾಡಿಗೆ ಕಾರು, ಅಪ್ಪ ಬರೀ ಡ್ರೈವರ್. ಆದರೂ ಮನೆಯಲ್ಲಿ ಅದು ‘ನಮ್ಮ ಗಾಡಿ’. ಅದರ ಚಾವಿ ಅಪ್ಪನ ಜೇಬಿನಲ್ಲಿ ಇರುವತನಕ ನಮ್ಮ ಒಲೆ ಉರಿಯುತ್ತಿತ್ತು. ಬೇರೆಯವರ ಗಾಡಿ ಓಡಿಸಿದವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಓಣಿಯ ಹುಡುಗರು ಗೋಲಿ ಆಡಿದರೆ ನಾನೂ ಅಪ್ಪನೂ ಬೇರೆಯೇ ಆಟ ಆಡುತ್ತಿದ್ದೆವು. ಇಂಜಿನ್ ಚಾಲೂ ಇಟ್ಟು ಗಾಡಿ ನಿಲ್ಲಿಸುವುದು, ಕಣ್ಣು ಮುಚ್ಚುವುದು, ಬಾನೆಟ್ಟಿನೊಳಗೆ ಫ್ಯಾನ್ ತಿರುಗತೊಡಗಿದ್ದನ್ನು ಯಾರು ಮೊದಲು ಹೇಳುತ್ತಾರೋ ಅವರು ಗೆದ್ದಂತೆ.

“ಕಾವಿನ ಮೀಟರಿನ ಮುಳ್ಳು ಏರಿದ್ರ ಇಂಜಿನ್ನಿಗೆ ಜ್ವರ ಬಂದಂಗ. ಫ್ಯಾನ್ ತಿರಗಿದ್ರ ಬೆವರು ಬಂದಂಗ. ಬೆವರ ಬರಲಿಲ್ಲಂದ್ರ ಅಂಜಬೇಕವ್ವ” ಅನ್ನುತ್ತಿದ್ದ ಅಪ್ಪ.

ಆ ವರ್ಷ ಮದುವೆ ಸೀಸನ್ನಿನಲ್ಲಿ ಬೆವರು ಬರಲಿಲ್ಲ. ಮುಳ್ಳು ಕೆಂಪು ಗೆರೆಯತನಕ ಹೋದರೂ ಫ್ಯಾನ್ ಸುಮ್ಮನಿತ್ತು. ರಿಪೇರಿ ಮಾಡಿಸೋಣ ಎಂದು ಅಪ್ಪ ಎರಡು ಸಲ ಹೇಳಿದ. ಸಾವಕಾರರು ಮಾಡಿಸಿದ ರಿಪೇರಿ ಏನು ಗೊತ್ತೇ? ಮೀಟರಿಗೆ ಹೋಗುವ ತಂತಿಯನ್ನೇ ಕೀಳಿಸಿದರು! “ಮುಳ್ಳ ನೋಡಿ ಮಂದಿ ಸುಮ್ನ ಅಂಜತಾರ” ಅಂದರು. ಅಂದಿನಿಂದ ಮುಳ್ಳು ತಳದಲ್ಲೇ ಮಲಗಿತು. ಜ್ವರ ಬಂದವನಿಗೆ ಮದ್ದು ಕೊಡದೆ ಥರ್ಮಾಮೀಟರ್ ಬಚ್ಚಿಟ್ಟ ಹಾಗೆ. ಈಗ ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಮುಂದಿನ ವಾರ ಸಾವಕಾರರ ತಮ್ಮನ ಮಗಳ ಮದುವೆ, ಯರಗಟ್ಟಿಯಲ್ಲಿ. ಮುಂದೆ ಸಾವಕಾರರು, ಹಿಂದೆ ಮದುಮಗಳು, ಅವಳ ಸೋದರತ್ತೆ, ಸಂದಿಯಲ್ಲಿ ನಾನು. ಬೈಲಹೊಂಗಲದ ಪೇಟೆಯಲ್ಲಿ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡೆವು. ನಾನು ರೂಢಿಯಂತೆ ಕಣ್ಣು ಮುಚ್ಚಿದೆ. ಫ್ಯಾನಿನ ಸಪ್ಪಳವೇ ಇಲ್ಲ.

“ಅಪ್ಪಾ, ಫ್ಯಾನ್ ತಿರಗವಲ್ದು.”

“ಏ ಯಲ್ಯಾ, ಮಗಳಿಗೂ ಈ ಅಪಶಕುನ ಕಲಿಸೀಯೇನು?” ಎಂದರು ಸಾವಕಾರರು. “ಮುಳ್ಳ ನೋಡು, ಹೆಂಗ ತಣ್ಣಗ ಮಲಗೇತಿ!”

ತಂತಿ ಕೀಳಿಸಿದ ಮನುಷ್ಯನೇ ಹೇಳಿದ ಮಾತು ಇದು!

ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಸುಟ್ಟ ವಾಸನೆ, ಬಾನೆಟ್ಟಿನಿಂದ ಹಬೆ. ಅಪ್ಪ ತಕ್ಷಣ ಬೇವಿನ ಮರದಡಿ ನಿಲ್ಲಿಸಿ ಇಂಜಿನ್ ಬಂದ್ ಮಾಡಿದ. ಹಿಂದೆ ಬರುತ್ತಿದ್ದ ಟೆಂಪೊದಿಂದ ಬೀಗರೂ ಇಳಿದು ಬಂದರು. ಸಾವಕಾರರ ದನಿ ಏರಿತು.

“ನೀರ ನೋಡದ ಗಾಡಿ ತಂದಾನ ಹಲ್ಕಟ್! ಅಕ್ಕಿಕಾಳಿನ ಮುಹೂರ್ತ ತಪ್ಪಿದ್ರ ಇವನ ಜವಾಬ್ದಾರ. ಮುಚ್ಚಳ ತಗದು ನೀರ ಹಾಕು!”

“ಈಗ ತಗದ್ರ ಕುದಿಯೂ ನೀರು ಮಾರಿಗಿ ಸಿಡಿತೈತ್ರಿ. ತಡೀರಿ.”

ಅಪ್ಪ ಬಾನೆಟ್ ಎತ್ತಿ, ಕಿತ್ತ ತಂತಿಯನ್ನು ಹುಡುಕಿ ಅದರ ಜಾಗಕ್ಕೆ ಹಚ್ಚಿ, ಚಾವಿ ತಿರುವಿದ. ಮಲಗಿದ್ದ ಮುಳ್ಳು ಎದ್ದು ಕೆಂಪಿಗೆ ಹೋಗಿ ನಿಂತಿತು. ಆಮೇಲೆ ರೇಡಿಯೇಟರ್ ಹತ್ತಿರದ ಸ್ವಿಚ್ಚಿನಿಂದ ಎರಡು ವೈರು ಬಿಚ್ಚಿದ.

“ಅಕ್ಕಾರ, ಒಂದು ಸೀರಿ ಪಿನ್ ಕೊಡ್ರಿ.”

ಸೋದರತ್ತೆ ಸೆರಗಿನ ಪಿನ್ ಬಿಚ್ಚಿ ಕೊಟ್ಟಳು. ಅದರಿಂದ ಎರಡೂ ವೈರು ಕೂಡಿಸಿದ್ದೇ ತಡ, ಗುಂಯ್ ಎಂದು ಫ್ಯಾನ್ ತಿರುಗಿತು.

“ಫ್ಯಾನ್ ಚಲೋ ಐತ್ರಿ. ಅದಕ್ಕ ಹುಕುಂ ಕೊಡೂ ಸ್ವಿಚ್ ಕೆಟ್ಟೈತಿ.”

ತಣ್ಣಗಾದ ಮೇಲೆ ಅರಿವೆ ಹಿಡಿದು ಮುಚ್ಚಳ ತೆಗೆದ. ಎರಡೇ ತಂಬಿಗೆ ನೀರು ಹಿಡಿಸಿತು. ನೀರು ನೋಡದೆ ತಂದ ಗಾಡಿಯೇ ಇದು?

“ಅಲ್ಲೋ ಯಲ್ಲಪ್ಪ, ಈ ಮುಳ್ಳ ಆಗಳೆ ಯಾಕ ಮಲಗಿತ್ತು?” ಎಂದಳು ಸೋದರತ್ತೆ. ಅಪ್ಪ ತಲೆ ತಗ್ಗಿಸಿದ. ನನಗೆ ತಡೆಯಲಾಗಲಿಲ್ಲ.

“ಸಾವಕಾರ್ರ ತಂತಿ ಕೀಳಿಸ್ಯಾರ್ರಿ!”

ಅಪ್ಪ ಬಾನೆಟ್ ಮುಚ್ಚಿ ಗಾಡಿ ಚಾಲೂ ಮಾಡಿದ. ಮದುಮಗಳು ಅಕ್ಕಿಕಾಳಿನ ಹೊತ್ತಿಗೆ ಸರಿಯಾಗಿ ಮದುವೆಮನೆ ಮುಟ್ಟಿದಳು. ಹಂದರದ ಬಾಗಿಲಲ್ಲೇ ಸಾವಕಾರರು ಚಾವಿಗೆ ಕೈ ಚಾಚಿದರು. “ನಾಳಿಂದ ಬರಬ್ಯಾಡ.” ಗಾಡಿ ಕೆಡಿಸಿದ್ದಕ್ಕಲ್ಲ, ತಂತಿ ಹಚ್ಚಿದ್ದಕ್ಕೆ. ಒಳಗಿಂದ ಗೋಧಿ ಹುಗ್ಗಿಯ ವಾಸನೆ ಬರುತ್ತಿತ್ತು. ನಾವು ಉಣ್ಣದೆ ಬಸ್ ಹತ್ತಿದೆವು.

“ನನ್ನಿಂದ ಹಿಂಗಾತು” ಎಂದು ನಾನು ಅತ್ತುಬಿಟ್ಟೆ.

“ತಂತಿ ಕೀಳಿಸಿದಾಂವ ಅಳೂದ ಬಿಟ್ಟು ನೀ ಯಾಕ ಅಳತಿ?” ಎಂದ ಅಪ್ಪ.

ಈಗ ನನ್ನದೇ ಕಾರಿದೆ. ಮೊನ್ನೆ ಅಪ್ಪನನ್ನು ಮುಂದೆ ಕೂಡಿಸಿಕೊಂಡು ಹೊರಟೆ. ಬಹಳ ಹೊತ್ತು ಮೀಟರುಗಳನ್ನು ನೋಡಿ ಕೇಳಿದ: “ಜ್ವರದ ಮುಳ್ಳ ಎಲ್ಲೈತವ್ವ?”

ಇಲ್ಲ. ಕಾರು ಕೊಳ್ಳುವಾಗ ನಾನೂ ಕೇಳಿದ್ದೆ. “ಅದನ್ನ ನೋಡಿ ಮಂದಿ ಸುಮ್ನ ಅಂಜತಾರ್ರಿ ಮೇಡಮ್ಮಾರ. ಭಾಳ ಕಾದ್ರ ಕೆಂಪು ದೀಪ ಹತ್ತತೈತಿ” ಎಂದಿದ್ದ ಮಾರುವವನು. ಸಾವಕಾರರ ಮಾತು, ನಗುನಗುತ್ತಾ.

ಅಪ್ಪ ಗಾಜು ಇಳಿಸಿ, ಕಣ್ಣು ಮುಚ್ಚಿ ಕಿವಿಗೊಟ್ಟ. ಫ್ಯಾನ್ ತಿರುಗುತ್ತಿತ್ತು. ಅವನಿಗೆ ಕೇಳಿಸಲಿಲ್ಲ, ಈಗ ಅವನ ಕಿವಿ ಮಂದ. ನಾನೇ “ತಿರಗಾಕ ಹತ್ತೇತಪ್ಪಾ” ಎಂದು ಕೂಗಿ ಹೇಳಿದೆ. ಅವತ್ತು ಕಿತ್ತ ತಂತಿ ಅಲ್ಲೇ ಜೋತಾಡುತ್ತಿತ್ತು, ಅಪ್ಪ ಹುಡುಕಿ ಹಚ್ಚಿದ. ಈ ಗಾಡಿಯಲ್ಲಿ ಹಚ್ಚಲು ಮುಳ್ಳೂ ಇಲ್ಲ, ತಂತಿಯೂ ಇಲ್ಲ.